ಒಂದು ಗೊರಟು, ಮೂರು ಮೊಳಕೆ

ಕಳೆದ ವಾರ ಹಿಂಜೇವಾಡಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕುಳಿತ. ಧಾರವಾಡ ಕಡೆಯವನು. ಈ ಅಂಕಣ ಓದುತ್ತಾನಂತೆ. ಫೋನ್ ತೆಗೆದು ಒಂದು ಫೋಟೊ ತೋರಿಸಿದ. "ಅಕ್ಕಾರ, ಒಂದ್ ಬೀಜದಾಗ ಎರಡು ಮೊಳಕಿ ಬಂದಾವ. ಯಾವುದನ್ನ ಇಟ್ಕೊಳ್ಳಲಿ, ಯಾವುದನ್ನ ಕತ್ತರಿಸಲಿ?"

ಗರಗಸದಂಥ ಅಂಚಿನ ಪುಟ್ಟ ಎಲೆಗಳು. ಯಾವ ಗಿಡ ಎಂದು ಕೇಳಿದೆ. ಹುಡುಗ ನಕ್ಕ. ಆ ನಗುವಿನಲ್ಲೇ ಗೊತ್ತಾಯಿತು.

"ತಮ್ಮಾ, ಎರಡನ್ನೂ ಕಿತ್ತು ಹಾಕು" ಎಂದೆ. ತಮಾಷೆಗೆ ಹೇಳಿದ್ದಲ್ಲ. 1985ರ ಮಾದಕವಸ್ತು ಕಾಯ್ದೆಗೆ ಹೊಲವೂ ಒಂದೇ, ಬಾಲ್ಕನಿಯ ಕುಂಡವೂ ಒಂದೇ. ಗಾಂಜಾ ಗಿಡ ಬೆಳೆಸಿದರೆ ಅದರ 20ನೇ ಕಲಮಿನ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಇಪ್ಪತ್ತಮೂರು ವಯಸ್ಸಿನ ಹುಡುಗನಿಗೆ ಕುತೂಹಲದ ಬೆಲೆ ಅಷ್ಟಾಗಬಾರದು. ಅವನು ತಲೆಯಾಡಿಸಿ ಎದ್ದುಹೋದ. ಮಾರನೆಯ ದಿನ ಖಾಲಿ ಕುಂಡದ ಫೋಟೊ ಕಳಿಸಿದ. "ಇದರಾಗ ಮೆಣಸಿನಕಾಯಿ ಹಾಕ್ತೀನ್ರಿ" ಎಂದು ಬರೆದಿದ್ದ.

ಆದರೆ ಅವನು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಳೆದ ಒಂದು ವರ್ಷ ನಾನು ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಕುಳಿತಿದ್ದೇನೆ. ನನ್ನದು ಮಾವಿನ ಗೊರಟು. ಮೈಸೂರು ಕಡೆಯವರು ವಾಟೆ ಎನ್ನುತ್ತೀರಿ, ಇಲ್ಲಿ ಪುಣೆಯಲ್ಲಿ ಕೋಯ್ ಎನ್ನುತ್ತಾರೆ. ಮೊದಲಿಗೆ ಒಂದು ತಪ್ಪೊಪ್ಪಿಗೆಯೂ ಇದೆ. ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ಟೊಮೆಟೊ ಬಗ್ಗೆ ಬರೆಯುವಾಗ, ಒಂದು ಬೀಜದಲ್ಲಿ ಎರಡು ಮೊಳಕೆ ಬಂದರೆ ಬಲವಾದದ್ದನ್ನು ಉಳಿಸಿ, ಸೊರಗಿದ್ದನ್ನು ಕತ್ತರಿಯಿಂದ ತೆಗೆದುಬಿಡಿ ಎಂದು ಬರೆದಿದ್ದೆ. ಟೊಮೆಟೊಗೆ ಆ ಮಾತು ಸರಿಯೇ. ಎಲ್ಲ ಗಿಡಕ್ಕೂ ಸರಿಯಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಮ್ಮ ಮನೆ ದಕ್ಷಿಣ ಕನ್ನಡದಲ್ಲಿ, ಪುತ್ತೂರಿನಿಂದ ಸ್ವಲ್ಪ ಒಳಗೆ. ಅಂಗಳದ ತೆಂಕು ಮೂಲೆಯಲ್ಲಿ ಒಂದು ಮಾವಿನ ಮರ. ನೆಕ್ಕರೆ ಜಾತಿ ಎಂದು ಊರಲ್ಲಿ ಹೇಳುತ್ತಿದ್ದರು. ಅಜ್ಜ ನೆಟ್ಟದ್ದಾ, ಅವರ ಅಪ್ಪ ನೆಟ್ಟದ್ದಾ ಎಂಬ ಬಗ್ಗೆ ಮನೆಯಲ್ಲಿ ಒಮ್ಮತ ಇಲ್ಲ. ಅಮ್ಮ ಪ್ರತಿವರ್ಷ ಅದರ ಕಾಯಿಯನ್ನು ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಡುತ್ತಿದ್ದರು. ಮಳೆಗಾಲದಲ್ಲಿ ತರಕಾರಿ ಇಲ್ಲದ ದಿನ ಆ ಕಾಯಿಯದ್ದೇ ಗೊಜ್ಜು, ಚಟ್ನಿ. ನನ್ನ ಪುಣೆಯ ಫ್ರಿಜ್ಜಿನಲ್ಲಿ ಹನ್ನೆರಡು ವರ್ಷದಿಂದ ಆ ಉಪ್ಪುನೀರಿನ ಕಾಯಿಯ ಒಂದು ಬಾಟಲಿ ತಪ್ಪಿದ್ದಿಲ್ಲ.

ಕಳೆದ ವರ್ಷ ಮೇ ತಿಂಗಳ ಕೊನೆಗೆ, ಮಳೆ ಶುರುವಾಗುವ ಮುಂಚಿನ ಗಾಳಿಗೆ ಆ ಮರದ ದೊಡ್ಡ ಗೆಲ್ಲು ಮುರಿದು ಹಟ್ಟಿಯ ಹಂಚಿನ ಮೇಲೆ ಬಿತ್ತು. ದನಗಳಿಗೆ ಏನೂ ಆಗಲಿಲ್ಲ. ಆದರೆ ಕಾಂಡದ ಒಳಗೆ ಟೊಳ್ಳು ಕಾಣಿಸಿತು. ಇನ್ನೊಂದು ಗೆಲ್ಲು ಮನೆಯ ಮಾಡಿನ ಮೇಲೇ ಬಾಗಿಕೊಂಡಿದೆ. ಮಳೆ ಕಳೆದ ಮೇಲೆ ಕಡಿಸುವುದು ಎಂದು ಅಣ್ಣ ತೀರ್ಮಾನ ಮಾಡಿದ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ. ರಾತ್ರಿ ಗಾಳಿ ಬೀಸಿದರೆ ಆ ಮಾಡಿನ ಕೆಳಗೆ ಮಲಗುವವನು ಅವನು. ನಾನು ವರ್ಷಕ್ಕೆ ಎರಡು ಸಲ ಹೋಗಿ ಹಣ್ಣು ತಿಂದು ಬರುವವಳು.

ಅಮ್ಮ ಫೋನಿನಲ್ಲಿ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. "ಗೊರಟು ಕಳಿಸ್ತೇನೆ. ನಿನ್ನ ಬಾಲ್ಕನಿಯಲ್ಲಿ ಜಾಗ ಉಂಟಾ?" ಎಂದು ಕೇಳಿದರು. ಉಂಟು ಎಂದೆ. ಇರಲಿಲ್ಲ.

ಜೂನ್ ಮೊದಲ ವಾರ ಮಂಗಳೂರು–ಪುಣೆ ರಾತ್ರಿ ಬಸ್ಸಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿದ ಹನ್ನೆರಡು ಗೊರಟು. ಅಮ್ಮನಿಗೆ ಯಾರೂ ಹೇಳಿಕೊಡದೆ ಗೊತ್ತಿದ್ದ ಸಂಗತಿ ಅದು. ಮಾವಿನ ಬೀಜವನ್ನು ರಾಗಿ, ಅವರೆಯ ಹಾಗೆ ಒಣಗಿಸಿ ಡಬ್ಬದಲ್ಲಿ ಇಡುವಂತಿಲ್ಲ. ಒಣಗಿದರೆ ಸತ್ತಿತು. ಹಣ್ಣು ತಿಂದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹೋಗಬೇಕು.

ಗೊರಟನ್ನು ಇಡಿಯಾಗಿ ಹೂಳಬಹುದು. ಆದರೆ ಹೊರಗಿನ ಗಟ್ಟಿ ನಾರಿನ ಚಿಪ್ಪನ್ನು ಅಂಚಿನಲ್ಲಿ ಕತ್ತರಿಸಿ, ಒಳಗಿನ ಬೀಜ ತೆಗೆದು ಹೂತರೆ ಮೊಳಕೆ ಬೇಗ ಬರುತ್ತದೆ, ಬೇರು ಸೊಟ್ಟಗಾಗುವುದೂ ಕಡಿಮೆ. ನಾನು ಹಾಗೆ ತೆಗೆದಾಗಲೇ ಒಂದು ವಿಚಿತ್ರ ಕಂಡಿತು. ಹಿಂದೊಮ್ಮೆ ಆಪೂಸಿನ ಗೊರಟು ಒಡೆದಿದ್ದೆ, ಒಳಗೆ ಗೋಡಂಬಿಯ ಅಣ್ಣನಂಥ ಒಂದೇ ಬೀಜ, ಎರಡು ನೀಟಾದ ಬೇಳೆ. ಅಮ್ಮನ ಗೊರಟಿನ ಒಳಗೆ ನಾಲ್ಕೈದು ತುಂಡುಗಳು, ಶುಂಠಿಯ ಗೆಡ್ಡೆಯ ಹಾಗೆ ಒಂದಕ್ಕೊಂದು ಒತ್ತಿ ಕುಳಿತಿದ್ದವು. ಬಸ್ಸಿನಲ್ಲಿ ಜಜ್ಜಿಹೋಗಿರಬೇಕು ಎಂದುಕೊಂಡು ಹಾಗೇ ಹೂತೆ. ಉಬ್ಬಿದ ಬದಿ ಮೇಲೆ, ಮೇಲಿನಿಂದ ಬೆರಳಿನ ಒಂದು ಗೆಣ್ಣಿನಷ್ಟು ಮಣ್ಣು, ಅರ್ಧ ಕೋಕೊಪೀಟ್, ಅರ್ಧ ಮಣ್ಣುಗೊಬ್ಬರ.

ಮೂರು ವಾರದಲ್ಲಿ ಹನ್ನೆರಡರಲ್ಲಿ ಒಂಬತ್ತು ಮೊಳೆತವು. ಐದರಲ್ಲಿ ಒಂದೊಂದೇ ಗಿಡ. ಎರಡರಲ್ಲಿ ಎರಡೆರಡು. ಇನ್ನೆರಡರಲ್ಲಿ ಮೂರು ಮೂರು. ಒಟ್ಟು ಹದಿನೈದು. ಅದರಲ್ಲಿ ಒಂದು ಮಾತ್ರ ಕಾಗದದಷ್ಟು ಬಿಳಿ. ಕಾಂಡವೂ ಬಿಳಿ, ಎಲೆಯೂ ಬಿಳಿ. ನನ್ನ ಮಗಳು ಅದನ್ನು ನೋಡಿ "ಇದಕ್ಕೆ ಬಣ್ಣ ಹಾಕುವುದು ಮರೆತಿದ್ದಾರೆ" ಎಂದಳು.

ಕತ್ತರಿ ತಂದಿದ್ದೆ. ನಾನೇ ಬರೆದ ನಿಯಮ, ಸೊರಗಿದ್ದನ್ನು ತೆಗೆಯುವುದು. ನಾಲ್ಕನೇ ನಂಬರಿನ ಕುಂಡದಲ್ಲಿ ಮೂರು ಗಿಡ: ಒಂದು ಗೇಣುದ್ದ, ಒಂದು ಅದರ ಮುಕ್ಕಾಲು, ಇನ್ನೊಂದು ಬೆರಳುದ್ದ. ಬೆರಳುದ್ದದ್ದಕ್ಕೆ ಕತ್ತರಿ ಇಡುವ ಮುಂಚೆ, ಯಾಕೆ ಹೀಗೆ ಎಂದು ಸ್ವಲ್ಪ ಓದೋಣ ಅನ್ನಿಸಿತು. ಓದಿದ್ದು ಒಳ್ಳೆಯದಾಯಿತು.

ಅವಳಿ ಮೊಳಕೆ ಎಂದರೆ ಒಂದೇ ಸಂಗತಿ ಅಲ್ಲ. ಮೊದಲು ಮಣ್ಣು ಸರಿಸಿ ನೋಡಬೇಕು. ಬೇರು ಒಂದೇ ಇದ್ದು ಮೇಲೆ ಕಾಂಡ ಎರಡಿದ್ದರೆ ಅದು ಅವಳಿಯೇ ಅಲ್ಲ. ಸುಳಿಗೆ ಪೆಟ್ಟು ಬಿದ್ದು ಪಕ್ಕದಲ್ಲಿ ಚಿಗುರಿದ ಒಂದೇ ಗಿಡ. ಬೇರೆ ಬೇರೆ ಬೇರು ಇದ್ದರೆ ಮಾತ್ರ ಬೀಜದೊಳಗೆ ನಿಜವಾಗಿ ಎರಡು ಭ್ರೂಣ ಇತ್ತು ಎಂದು ಅರ್ಥ. ಅದಕ್ಕೂ ಬೇರೆ ಬೇರೆ ದಾರಿಗಳಿವೆ. ಕೆಲವೊಮ್ಮೆ ಒಂದೇ ಭ್ರೂಣ ಎಳೆಯದಿರುವಾಗಲೇ ಸೀಳಿ ಎರಡಾಗುತ್ತದೆ, ಮನುಷ್ಯರಲ್ಲಿ ತದ್ರೂಪಿ ಅವಳಿ ಹುಟ್ಟುವ ಹಾಗೆ. ಮೆಣಸಿನಕಾಯಿಯಲ್ಲಿ ಅಪರೂಪಕ್ಕೆ ಸಿಗುವ ಅವಳಿಯಲ್ಲಿ ಒಂದು ಗಿಡಕ್ಕೆ ವರ್ಣತಂತುಗಳು ಅರ್ಧದಷ್ಟೇ ಇರುವುದುಂಟು. ಅದು ಬದುಕಿದರೂ ಕುಳ್ಳಗಿರುತ್ತದೆ, ಕಾಯಿ ಕಟ್ಟುವುದಿಲ್ಲ. ಅಲ್ಲಿ ಕತ್ತರಿ ಸರಿ.

ಮಾವು ಮತ್ತು ಕಿತ್ತಳೆ, ನಿಂಬೆಯ ಕುಟುಂಬದಲ್ಲಿ ಕಥೆ ಬೇರೆ. ಕಿತ್ತಳೆ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುವುದನ್ನು ಸೂಕ್ಷ್ಮದರ್ಶಕದ ಲೇವನ್‌ಹುಕ್ 1719ರಲ್ಲೇ ಗಮನಿಸಿದ್ದ. ಅವು ಎಲ್ಲಿಂದ ಬರುತ್ತವೆ ಎಂಬುದನ್ನು 1878ರಲ್ಲಿ ಸ್ಟ್ರಾಸ್‌ಬರ್ಗರ್ ಎಂಬ ಸಸ್ಯವಿಜ್ಞಾನಿ ತೋರಿಸಿಕೊಟ್ಟ. ಬೀಜವಾಗುವ ಅಂಡಕದ ಒಳಗೆ, ಭ್ರೂಣ ಬೆಳೆಯುವ ಜಾಗದ ಸುತ್ತ ತಾಯಿಮರದ್ದೇ ಆದ ಒಂದು ಪದರ ಜೀವಕೋಶಗಳಿರುತ್ತವೆ. ಸಾಮಾನ್ಯವಾಗಿ ಅವು ಭ್ರೂಣಕ್ಕೆ ಊಟವಾಗಿ ಕರಗಿಹೋಗುತ್ತವೆ. ಈ ಜಾತಿಗಳಲ್ಲಿ ಅವುಗಳಲ್ಲೇ ಕೆಲವು ಕೋಶಗಳು ತಾವೇ ಭ್ರೂಣವಾಗಿ ಬೆಳೆದುಬಿಡುತ್ತವೆ. ಇದನ್ನು ಬಹುಭ್ರೂಣತೆ ಎನ್ನುತ್ತಾರೆ.

ಇದರ ಅರ್ಥ ಏನು ಎಂದು ನಿಧಾನಕ್ಕೆ ಯೋಚಿಸಿ. ಪರಾಗದಿಂದ ಹುಟ್ಟಿದ ಭ್ರೂಣಕ್ಕೆ ತಾಯಿಯೂ ಇದೆ, ತಂದೆಯೂ ಇದೆ. ಅದು ಮಗು. ತಾಯಿಯ ಪದರದಿಂದ ಎದ್ದ ಭ್ರೂಣಕ್ಕೆ ತಂದೆಯ ಪಾಲೇ ಇಲ್ಲ. ಅದು ತಾಯಿಯ ಪಡಿಯಚ್ಚು, ಬೀಜದಿಂದ ಬಂದಿದ್ದರೂ ಕಸಿ ಕಟ್ಟಿದ ಗಿಡದಷ್ಟೇ ತಾಯಿ. ಒಂದೇ ಗೊರಟಿನ ಒಳಗೆ ಅಮ್ಮ ಮತ್ತು ಅಮ್ಮನ ಮಗು ಒತ್ತಿಕೊಂಡು ಕುಳಿತಿರಬಹುದು.

ನಮ್ಮ ದೇಶದ ಹೆಚ್ಚಿನ ಮಾವು ಹೀಗಲ್ಲ. ಆಪೂಸ್, ರಸಪುರಿ, ತೋತಾಪುರಿ, ಕೇಸರ್, ಎಲ್ಲ ಒಂದು ಗೊರಟಿಗೆ ಒಂದೇ ಮೊಳಕೆ, ಅದೂ ಪರಾಗದಿಂದ ಬಂದದ್ದು. ಆದ್ದರಿಂದಲೇ ಆಪೂಸಿನ ಗೊರಟು ಹೂತರೆ ಆಪೂಸು ಬರುವುದಿಲ್ಲ, ಕಸಿಯೇ ಆಗಬೇಕು. ಬಹುಭ್ರೂಣದ ಮಾವು ಭಾರತದಲ್ಲಿ ಹೆಚ್ಚಾಗಿ ಪಶ್ಚಿಮ ಕರಾವಳಿಯ ಪಟ್ಟಿಯಲ್ಲೇ ಸಿಗುವುದು. ಪುಸ್ತಕಗಳಲ್ಲಿರುವ ಹೆಸರುಗಳು: ಓಲೂರ್, ಚಂದ್ರಕ್ಕಾರನ್, ಕುರುಕ್ಕನ್, ವೆಳ್ಳೈಕೊಲಂಬನ್, ಬಪ್ಪಕಾಯಿ, ಮತ್ತು ನೆಕ್ಕರೆ. ಆ ಕೊನೆಯ ಹೆಸರು ನೋಡಿ ಕತ್ತರಿ ಕೆಳಗಿಟ್ಟೆ. ಬಸ್ಸಿನಲ್ಲಿ ಏನೂ ಜಜ್ಜಿಹೋಗಿರಲಿಲ್ಲ.

ಹೊರದೇಶದಲ್ಲಿ ಫಿಲಿಪೀನ್ಸಿನ ಕರಬಾವ್, ಆಸ್ಟ್ರೇಲಿಯಾದ ಕೆನ್ಸಿಂಗ್ಟನ್ ಪ್ರೈಡ್ ಇದೇ ಗುಂಪಿನವು. ಸಿಡ್ನಿಯಲ್ಲಿರುವ ನಮ್ಮ ಓದುಗರು ಬೇಸಿಗೆಯಲ್ಲಿ ತಿನ್ನುವುದು ಕೆನ್ಸಿಂಗ್ಟನ್ ಆದರೆ ಗೊರಟು ಬಿಸಾಡುವ ಮುಂಚೆ ಒಡೆದು ನೋಡಿ. ಕೊಡಗಿನವರಿಗೆ ಇದು ಹೊಸದಲ್ಲ. ಕೊಡಗಿನ ಕಿತ್ತಳೆಯೂ ಬಹುಭ್ರೂಣದ್ದೇ. ಬೀಜದಿಂದ ಬೆಳೆಸಿದ ತೋಟದಲ್ಲೂ ಮರಗಳು ಒಂದೇ ಅಚ್ಚಿನಲ್ಲಿ ಬರುವುದಕ್ಕೆ ಕಾರಣ ಅದು. ನರ್ಸರಿಯವರು ಕಿತ್ತಳೆ ಪಾತಿಯಲ್ಲಿ ಗುಂಪಿಗೆ ಸೇರದ ಸಸಿಗಳನ್ನು, ತೀರ ಕುಳ್ಳಗಿರುವುದು, ತೀರ ಎತ್ತರದ್ದು, ಎಲೆಯ ಆಕಾರ ಬೇರೆ ಇರುವುದು, ಕಿತ್ತು ಹಾಕಿ ಸಮನಾಗಿ ಬೆಳೆದವನ್ನಷ್ಟೇ ಉಳಿಸುತ್ತಾರೆ. ಸಮನಾಗಿರುವುದೇ ತಾಯಿಯ ಪಡಿಯಚ್ಚು ಎಂಬ ಲೆಕ್ಕ.

ಈ ಭ್ರೂಣದ ವಿಷಯ ಓದುವಾಗ ಬಿ.ಜಿ.ಎಲ್. ಸ್ವಾಮಿ ನೆನಪಾದರು. ನಮಗೆಲ್ಲ ಅವರು 'ಹಸುರು ಹೊನ್ನು' ಬರೆದವರು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, ಡಿ.ವಿ.ಜಿ.ಯವರ ಮಗ. ವಿಜ್ಞಾನದ ಜಗತ್ತಿಗೆ ಅವರು ಆರ್ಕಿಡ್ ಗಿಡಗಳ ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದನ್ನು ಪದರ ಪದರವಾಗಿ ಕತ್ತರಿಸಿ ನೋಡಿದವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡುತ್ತ ಕನ್ನಡ ಬರೆದರು. ಹೊರನಾಡಿನಲ್ಲಿದ್ದು ಗಿಡಗಳ ಬಗ್ಗೆ ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಅದೊಂದು ಧೈರ್ಯ.

ಸರಿ, ಈಗ ನನ್ನ ನಾಲ್ಕನೇ ಕುಂಡಕ್ಕೆ ಬನ್ನಿ. ಮೂರು ಗಿಡ. ಯಾವುದು ಮರ, ಯಾವುದು ಮರದ ಮಗು?

ನನ್ನ ಕೆಲಸ ಡೇಟಾ ಜೊತೆ. ಏನಾದರೂ ನಿಯಮ ಸಿಗುತ್ತದೆ ಎಂದು ಹುಡುಕಿದೆ. ಸಾಮಾನ್ಯವಾಗಿ ಜೋರಾಗಿ ಬೆಳೆಯುವುದು ತಾಯಿಯ ಪಡಿಯಚ್ಚು, ಪರಾಗದ ಮಗು ಇಕ್ಕಟ್ಟಿನಲ್ಲಿ ಸೋತು ಸೊರಗಿರುತ್ತದೆ ಎನ್ನುತ್ತಾರೆ. ಆದರೆ ಸಾಮಾನ್ಯವಾಗಿ ಎಂಬ ಪದವೇ ತೊಂದರೆ. ಕೆಲವು ಗೊರಟಿನಲ್ಲಿ ಪರಾಗದ ಮಗು ಎಲ್ಲರಿಗಿಂತ ಎತ್ತರ ಬೆಳೆದಿರುತ್ತದೆ. ಕೆಲವದರಲ್ಲಿ ಅದು ಒಳಗೇ ಸತ್ತು, ಮೂರಕ್ಕೆ ಮೂರೂ ತಾಯಿಯೇ ಆಗಿರುತ್ತವೆ. ಒಂದೇ ಮೊಳಕೆ ಬಂದ ಗೊರಟಿನಲ್ಲಿ ಅದು ಯಾವುದೂ ಆಗಿರಬಹುದು. ಬರಿಗಣ್ಣಿಗೆ ಗ್ಯಾರಂಟಿ ಇಲ್ಲ. ಖಚಿತವಾಗಿ ಹೇಳಬೇಕಾದರೆ ಪ್ರಯೋಗಾಲಯದಲ್ಲಿ ಎಲೆಯ ಡಿಎನ್ಎ ನೋಡಬೇಕು, ಇಲ್ಲವೇ ಆರೆಂಟು ವರ್ಷ ಕಾದು ಹಣ್ಣು ತಿನ್ನಬೇಕು.

ಆದ್ದರಿಂದ ಕತ್ತರಿಸಲಿಲ್ಲ, ಬಿಡಿಸಿದೆ. ಅದಕ್ಕೆ ಸರಿಯಾದ ಹೊತ್ತು ಎಳೆಯ ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವಾಗ. ತಾಯಿಬೇರು ಉದ್ದವಾಗಿ ಒಂದಕ್ಕೊಂದು ಸುತ್ತಿಕೊಂಡರೆ ಆಮೇಲೆ ಕಷ್ಟ. ಕುಂಡದ ಮಣ್ಣಿನ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಇಡಿ. ಮಣ್ಣು ತಾನಾಗಿ ಕಳಚುತ್ತದೆ. ಬೀಜದ ತುಂಡುಗಳೂ ಮೆಲ್ಲಗೆ ಅಲುಗಿಸಿದರೆ ಬೇರೆಯಾಗುತ್ತವೆ. ಪ್ರತಿ ಗಿಡಕ್ಕೂ ಅದರದ್ದೇ ಆದ ಬೀಜದ ತುಂಡು ಅಂಟಿಕೊಂಡಿರುತ್ತದೆ, ಅದು ಅದರ ಬುತ್ತಿ. ಅದನ್ನು ಮುರಿಯಬೇಡಿ. ಉದ್ದದ ಚೀಲಗಳಿಗೆ ಹಾಕಿ, ಒಂದು ವಾರ ನೆರಳಲ್ಲಿಡಿ. ನಾನು ಹಾಲಿನ ಪ್ಯಾಕೆಟ್ಟಿನ ತಳ ಕತ್ತರಿಸಿ, ಎರಡೆರಡನ್ನು ಒಂದರ ಮೇಲೊಂದು ಅಂಟಿಸಿ ಚೀಲ ಮಾಡಿದೆ. ಪ್ರತಿಯೊಂದಕ್ಕೂ ಚೀಟಿ: 4-ಅ, 4-ಆ, 4-ಇ. ಗೊರಟಿನ ನಂಬರು ಮತ್ತು ಅಕ್ಕತಂಗಿಯರ ಅಕ್ಷರ. ಚೀಟಿ ಇಲ್ಲದಿದ್ದರೆ ಒಂದು ಮಳೆಗೆ ಎಲ್ಲ ಕಲಸಿಹೋಗುತ್ತದೆ.

ಬಿಳಿ ಗಿಡ ಮೂರನೇ ವಾರಕ್ಕೆ ಬಾಡಿತು. ಪತ್ರಹರಿತ್ತು ಇಲ್ಲದ ಗಿಡ ತನ್ನ ಊಟ ತಾನು ಮಾಡಿಕೊಳ್ಳಲಾರದು, ಬೀಜದ ಬುತ್ತಿ ಇರುವಷ್ಟು ದಿನ ಮಾತ್ರ ಅದರ ಆಯಸ್ಸು. ಗೊಬ್ಬರ, ಬಿಸಿಲು, ಯಾವುದೂ ಅದನ್ನು ಉಳಿಸುವುದಿಲ್ಲ. ನಿಮ್ಮಲ್ಲೂ ಹೀಗೆ ಬಂದರೆ ನಿಮ್ಮ ಆರೈಕೆಯ ತಪ್ಪು ಎಂದುಕೊಳ್ಳಬೇಡಿ. ಎರಡರ ಬದಲು ಮೂರು ಬೇಳೆಯೆಲೆ ಬಂದ ಟೊಮೆಟೊ, ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ತಲೆಗೆ ಸಿಕ್ಕಿಸಿಕೊಂಡ ಮೆಣಸಿನ ಸಸಿ, ಇವೆಲ್ಲ ಬದುಕುತ್ತವೆ. ಮೂರು ಎಲೆಯದ್ದನ್ನು ಹಾಗೇ ಬಿಡಿ. ಟೋಪಿಗೆ ಒದ್ದೆ ಹತ್ತಿ ಅರ್ಧ ಗಂಟೆ ಇಟ್ಟರೆ ಕಳಚಿ ಬರುತ್ತದೆ. ಒಣಗಿದ್ದಾಗ ಎಳೆದರೆ ತಲೆಯೇ ಬರುತ್ತದೆ.

ಹದಿನಾಲ್ಕು ಗಿಡ ಉಳಿದವು. ಆದರೆ ಮನಸ್ಸಿಗೆ ಸಮಾಧಾನ ಇರಲಿಲ್ಲ. ಅಮ್ಮ ಕಳಿಸಿದ್ದು ಮರವನ್ನು. ನನ್ನ ಹತ್ತಿರ ಇರುವುದು ಬಹುಶಃ ಮರ. ಆ 'ಬಹುಶಃ'ವನ್ನು ತೆಗೆಯುವ ದಾರಿ ಒಂದೇ ಇತ್ತು. ಮರ ನಿಂತಿರುವಾಗಲೇ ಅದರ ಕಡ್ಡಿ ತಂದು ಕಸಿ ಕಟ್ಟುವುದು.

ಪುಣೆ ಇಂಥ ಕೆಲಸಕ್ಕೆ ಕೆಟ್ಟ ಊರಲ್ಲ. ಔಂಧದ ಹತ್ತಿರ ಗಣೇಶಖಿಂಡದ ಹಳೆಯ ತೋಟ 1873ರಷ್ಟು ಹಿಂದಿನದು. ನಗರದ ಮಧ್ಯೆ ಇಂದಿಗೂ ಅಲ್ಲಿ ಮುದಿ ಮಾವಿನ ಮರಗಳ ಸಾಲಿದೆ. 2020ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಇಲ್ಲಿನ ಕೃಷಿ ಕಾಲೇಜಿನ ಬರ್ನ್ಸ್ ಮತ್ತು ಪ್ರಯಾಗ್ ಎಂಬಿಬ್ಬರು ನೂರು ವರ್ಷದ ಹಿಂದೆಯೇ ಮಾವಿನ ಮೇಲೆ ಒಂದು ಇಡೀ ಪುಸ್ತಕ ಬರೆದಿದ್ದರು. ಭಾನುವಾರಗಳಲ್ಲಿ ಮಗಳನ್ನು ಕರೆದುಕೊಂಡು ಬಾಣೇರ್ ಕಡೆಯ ನರ್ಸರಿಗಳನ್ನು ಸುತ್ತಿದೆ. ಒಂದರಲ್ಲಿ ರತ್ನಾಗಿರಿ ಕಡೆಯ ಹಿರಿಯ ಮಾಳಿಯೊಬ್ಬರು ಸಿಕ್ಕಿದರು. ನನ್ನ ಮುರುಕು ಮರಾಠಿ ಕೇಳಿ ನಗಲಿಲ್ಲ. "ತಾಈ, ಕೋಯ್ ಕಲಮ್‌ನ ಹೊತ್ತು ದಾಟಿತು" ಎಂದರು. ಕೊಂಕಣದಲ್ಲಿ ಎರಡು ವಾರದ ಎಳೆ ಮೊಳಕೆಯ ತಲೆ ಕತ್ತರಿಸಿ, ಸೀಳಿ, ಅದರಲ್ಲಿ ಬೇಕಾದ ಮರದ ಕಡ್ಡಿ ಕೂರಿಸುತ್ತಾರೆ. ಅದು ಕೋಯ್ ಕಲಮ್. ನನ್ನ ಗಿಡಗಳು ಅಷ್ಟರಲ್ಲಿ ಎರಡು ತಿಂಗಳು ದಾಟಿದ್ದವು. "ನೀವು ಕಡ್ಡಿ ತನ್ನಿ, ನನ್ನ ಹತ್ತಿರ ವರ್ಷದ ಗಿಡಗಳಿವೆ, ಪಕ್ಕಕ್ಕೆ ಕಟ್ಟಿಕೊಡುತ್ತೇನೆ" ಎಂದರು. ಕಡ್ಡಿ ತರುವ ಕ್ರಮವನ್ನೂ ಹೇಳಿಕೊಟ್ಟರು. ಪೆನ್ಸಿಲಿನಷ್ಟು ದಪ್ಪದ, ಮೂರು ನಾಲ್ಕು ತಿಂಗಳು ಬಲಿತ ರೆಂಬೆತುದಿ ಆರಿಸಬೇಕು. ಕಡಿಯುವ ಎಂಟು ಹತ್ತು ದಿನ ಮುಂಚೆ ಅದರ ಎಲೆಗಳನ್ನು ಕತ್ತರಿಸಿ, ತೊಟ್ಟು ಮಾತ್ರ ಬಿಡಬೇಕು. ಆಗ ತುದಿಯ ಮೊಗ್ಗು ಉಬ್ಬಿಕೊಳ್ಳುತ್ತದೆ. ಕಡಿದ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್.

ಎಂಟು ದಿನ ಮುಂಚೆ ಎಲೆ ಕತ್ತರಿಸಬೇಕು ಎಂದರೆ ಊರಲ್ಲಿರುವ ಯಾರಾದರೂ ಮರ ಹತ್ತಬೇಕು. ಅಣ್ಣನಿಗೆ ಫೋನ್ ಮಾಡಿದೆ. ಮರ ಉಳಿಸು ಎಂದು ಕೇಳುತ್ತೇನೆ ಅಂದುಕೊಂಡನೋ ಏನೋ, ಮೊದಲು ಸ್ವಲ್ಪ ಬಿಗುವಾಗಿದ್ದ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ಎಷ್ಟು ಕಡ್ಡಿ ಬೇಕು?" ಎಂದಷ್ಟೇ ಕೇಳಿದ. ಸಂಜೆ ವಾಟ್ಸಾಪಿನಲ್ಲಿ ಫೋಟೊ ಬಂತು. ಎಲೆ ಬೋಳಿಸಿದ ಹತ್ತು ತುದಿಗಳಿಗೆ, ಗುರುತು ತಪ್ಪದಿರಲಿ ಎಂದು, ಹಳೆಯ ಕೆಂಪು ಪಂಚೆಯ ಅಂಚು ಹರಿದು ಕಟ್ಟಿದ್ದ.

ಪುಣೆಯವರೆಲ್ಲ ಗಣಪತಿಗೆ ಇಲ್ಲೇ ಉಳಿಯುವಾಗ ನಾನು ಚೌತಿಗೆ ಊರಿಗೆ ಹೋದೆ. ಎರಡು ರಾತ್ರಿ ಇದ್ದು ಹತ್ತು ಕಡ್ಡಿಗಳೊಂದಿಗೆ ವಾಪಸು. ಮಾಳಿ ಎಂಟನ್ನು ಕಟ್ಟಿದರು, ಎರಡು ಒಣಗಿದ್ದವು. ತಿಂಗಳ ಮೇಲೆ ಮೂರು ಚಿಗುರಿದವು. ಮೂರೇ ಮೂರು. ಆದರೆ ಈ ಮೂರಕ್ಕೆ 'ಬಹುಶಃ' ಇಲ್ಲ.

ಡಿಸೆಂಬರಿನಲ್ಲಿ ಮರ ಕಡಿದರು. ಅಮ್ಮ ಅವತ್ತು ತಂಗಿಯ ಮನೆಗೆ ಹೋಗಿದ್ದರು. ಬುಡ ಪೂರ್ತಿ ಪೊಳ್ಳಾಗಿತ್ತು, ಇನ್ನೊಂದು ಮಳೆಗಾಲ ತಡೆಯುತ್ತಿರಲಿಲ್ಲ ಎಂದು ಅಣ್ಣ ಹೇಳಿದ. ಹೇಳುವಾಗ ಅವನ ದನಿಯೂ ಸರಿಯಿರಲಿಲ್ಲ.

ಈ ಏಪ್ರಿಲ್‌ನಲ್ಲಿ ಅಮ್ಮ ಪುಣೆಗೆ ಬಂದರು. ಬಿಸಿಲು ನಲವತ್ತರ ಹತ್ತಿರ. ಬಾಲ್ಕನಿಯಲ್ಲಿ ಹಸಿರು ಬಲೆಯ ಕೆಳಗೆ ಗಿಡಗಳು. ನಾನು ಅವರಿಗೆ ಭ್ರೂಣ, ಪದರ, ಪಡಿಯಚ್ಚು ಎಲ್ಲ ವಿವರಿಸಲು ಹೊರಟೆ. ಅವರು ಕೇಳಿಸಿಕೊಳ್ಳುತ್ತಲೇ ಒಂದು ಎಲೆ ಕಿತ್ತು, ಅಂಗೈಯಲ್ಲಿ ಜಜ್ಜಿ ಮೂಸಿದರು. ಮೊದಲು ಕಸಿಯ ಗಿಡ. ಆಮೇಲೆ ಒಂದೊಂದೇ ಸಸಿ. "ಇದು ಅದೇ. ಇದೂ ಅದೇ. ಇದು ಅಲ್ಲ, ಇದರ ಪರಿಮಳ ಬೇರೆ." ಹೀಗೆ ಹದಿನಾಲ್ಕನ್ನೂ ಮುಗಿಸಿದರು. ಹತ್ತು 'ಅದೇ'. ಎರಡು 'ಅಲ್ಲ'. ಎರಡಕ್ಕೆ "ಗೊತ್ತಾಗುವುದಿಲ್ಲ ಮಗಾ" ಎಂದರು. ನಾನು ಮಗಳ ಕೈಯಲ್ಲಿ ಚೀಟಿಗಳ ಮೇಲೆ ಬರೆಸಿಕೊಂಡೆ.

ಎಲೆ ಜಜ್ಜಿ ಮೂಸುವುದು ಅಜ್ಜಿಯರ ಕಟ್ಟುಕಥೆಯಲ್ಲ. ಮಾವಿನ ಎಲೆಯ ವಾಸನೆ ತಳಿಯಿಂದ ತಳಿಗೆ ಬೇರೆ. ಸಸಿಗಳಲ್ಲಿ ಬೇರೆ ಜಾತಿಯದ್ದನ್ನು ಹೊರತೆಗೆಯಲು ಬಲ್ಲವರು ಅದನ್ನು ಬಳಸುತ್ತಾರೆ. ಡಿಎನ್ಎಯಷ್ಟು ಖಚಿತ ಅಲ್ಲ, ಅಷ್ಟೇ. ಆದರೆ ಹೋಲಿಸಿ ನೋಡಲು ತಾಯಿಯ ಎಲೆ ಕೈಯಲ್ಲಿರಬೇಕು. ನನ್ನ ಮೂರು ಕಸಿಗಳಿಂದ ಆಗಿರುವ ಇನ್ನೊಂದು ಉಪಕಾರ ಅದು.

ನಾಲ್ಕನೇ ಗೊರಟಿನ ಫಲಿತಾಂಶ ಕೇಳಿ. ಅತಿ ಎತ್ತರದ್ದು 4-ಅ. ಅದು 'ಅಲ್ಲ'. ನಾನು ಕತ್ತರಿ ಇಡಹೊರಟಿದ್ದ ಬೆರಳುದ್ದದ 4-ಇ, ಅಮ್ಮನ ಮೂಗಿನ ಪ್ರಕಾರ, 'ಅದೇ'.

'ಅಲ್ಲ' ಎಂದ ಎರಡನ್ನು ಏನು ಮಾಡುವುದು ಎಂದು ಅಮ್ಮನನ್ನು ಕೇಳಿದೆ. "ಎಂತ ಮಾಡುವುದು ಅಂದರೆ? ನೀರು ಹಾಕು. ಅದರ ಹಣ್ಣು ಹೇಗಿರ್ತದೆ ಅಂತ ಯಾರಿಗೆ ಗೊತ್ತುಂಟು" ಎಂದರು.

ಇಷ್ಟು ಓದಿದವರಿಗೆ ಕೆಲಸಕ್ಕೆ ಬರುವ ಮಾತು ಇಷ್ಟೇ. ಅವಳಿ ಮೊಳಕೆ ಬಂದರೆ ಮೊದಲು ಯಾವ ಗಿಡ ಎಂದು ನೋಡಿ. ಟೊಮೆಟೊ, ಮೆಣಸು, ಬದನೆಗೆ ನನ್ನ ಹಳೆಯ ಮಾತೇ ಇರಲಿ, ಬಲವಾದ್ದನ್ನು ಉಳಿಸಿ. ಕರಾವಳಿಯ ಕಾಟುಮಾವು, ಕಿತ್ತಳೆ, ನಿಂಬೆಗೆ ಕತ್ತರಿ ಬೇಡ, ಬಿಡಿಸಿ ನೆಡಿ, ಚೀಟಿ ಕಟ್ಟಿ. ಊರಿನ ಮನೆಯಲ್ಲಿ ನಿಮಗೆ ಬೇಕಾದ ಒಂದು ಮುದಿ ಮರ ಇದ್ದರೆ ಗೊರಟನ್ನು ಮಾತ್ರ ನಂಬಿ ಕೂರಬೇಡಿ. ಮರ ನಿಂತಿರುವಾಗಲೇ ಕಡ್ಡಿ ತನ್ನಿ. ಕಸಿಗೆ ಮಳೆಗಾಲವೇ ಹೊತ್ತು, ಈಗ ಶುರುವಾಗಿದೆ. ಕಡಿದ ಮೇಲೆ ತರಲಾಗುವುದಿಲ್ಲ.

ಹದಿನೇಳು ಮಾವಿನ ಗಿಡ ನನ್ನ ಬಾಲ್ಕನಿಯಲ್ಲಿ ಮರವಾಗಲಾರವು. ಒಂದು ಕಸಿ ಈ ತಿಂಗಳು ಅಣ್ಣನ ಅಂಗಳಕ್ಕೆ ಹೋಗುತ್ತದೆ, ಮಾಡಿನಿಂದ ದೂರದ ಬಡಗು ಮೂಲೆಗೆ. ಜಾಗ ಅವನೇ ಅಗೆದಿಟ್ಟಿದ್ದಾನೆ. ಇನ್ನೊಂದು ನಮ್ಮ ಸೊಸೈಟಿಯ ಹಿಂಬದಿಗೆ, ಕಾರ್ಯದರ್ಶಿಯವರ ಒಪ್ಪಿಗೆ ಸಿಕ್ಕಿದೆ. ಮೂರನೆಯದು ದೊಡ್ಡ ಡ್ರಮ್ಮಿನಲ್ಲಿ ನನ್ನ ಹತ್ತಿರವೇ ಇರುತ್ತದೆ. ಸಸಿಗಳಲ್ಲಿ ನಾಲ್ಕೈದನ್ನು ಕೊಡಬಲ್ಲೆ. ಪುಣೆ ಸುತ್ತಮುತ್ತ ಸ್ವಂತ ನೆಲ ಇರುವ ಓದುಗರು ಸಂಪಾದಕರ ಮೂಲಕ ತಿಳಿಸಿ. ಷರತ್ತು ಒಂದೇ: ಚೀಟಿ ಕಳೆಯಬಾರದು, ಮೊದಲ ಹಣ್ಣು ಬಂದಾಗ ನನಗೊಂದು ಫೋನ್ ಮಾಡಬೇಕು. ಅಷ್ಟರಲ್ಲಿ ನನ್ನ ವಯಸ್ಸು ನಲವತ್ತೈದು ದಾಟಿರುತ್ತದೆ. ಅಡ್ಡಿಯಿಲ್ಲ, ಕಾಯುತ್ತೇನೆ.